ಸಪ್ಪೆ ಸಮಾಚಾರ

ರುದ್ರೇಶ ನನ್ನನ್ನು ಬಿಟ್ಟ ಮರುದಿನ ನಮ್ಮ ಬೀದಿಯ ಯಾವ ಮನೆಯಲ್ಲೂ ಕಾಫಿ ಕುಡಿಯುವಂತಿರಲಿಲ್ಲ. ಗಡಿಯಾರದ ಬೀದಿಯ ಟ್ಯಾಂಕಿನ ನೀರು ಪೂರ್ತಿ ಉಪ್ಪಾಗಿತ್ತು. ಹಾಲಮ್ಮನ ಮೆಸ್ಸಿನಲ್ಲಿ ಬೆಳಗಿನ ಉಪ್ಪಿಟ್ಟು ಬಾಯಿಗಿಟ್ಟವರೆಲ್ಲ ತಟ್ಟೆ ಬಿಟ್ಟು ಎದ್ದು ಹೋದರು. ಮೆಸ್ಸಿನ ಹಿಂದುಗಡೆಯ ಬಾಡಿಗೆ ಕೋಣೆಯಲ್ಲಿ ನಾನು ದಿಂಬಿಗೆ ಮುಖ ಒತ್ತಿಕೊಂಡು ಮಲಗಿದ್ದೆ. ಹಾಲಮ್ಮ, ಎಲ್ಲರ ಬಾಯಲ್ಲಿ ಹಾಲಕ್ಕ, ಬಾಗಿಲು ತಳ್ಳಿಕೊಂಡು ಒಳಗೆ ಬಂದು ನನ್ನ ಮುಖ ನೋಡಿದಳು.

"ಓ, ನೀನಾ? ನಾನು ಆ ಮೂಲೆಮನೆ ಸೊಸೆ ಅಂದ್ಕೊಂಡು ಅವಳನ್ನ ಬೈದು ಬಂದೆ ಕಣೇ" ಅಂದಳು. ಆಮೇಲೆ ಪಕ್ಕದಲ್ಲಿ ಕೂತು ತಲೆ ಸವರಿದಳು. "ಅಳು, ಅಳು. ಆದ್ರೆ ಹನ್ನೊಂದರೊಳಗೆ ಮುಗಿಸು. ಮಧ್ಯಾಹ್ನಕ್ಕೆ ಬಿಸಿಬೇಳೆ ಬಾತಿದೆ."

ಆದದ್ದಿಷ್ಟು. ನಾಲ್ಕು ವರ್ಷ ಜೊತೆಯಲ್ಲಿ ಓಡಾಡಿದ ರುದ್ರೇಶ, ಬಸ್ ನಿಲ್ದಾಣದ ಎದುರಿನ ಕಬ್ಬಿನಹಾಲಿನ ಅಂಗಡಿಯಲ್ಲಿ, ಕೈಯಲ್ಲಿದ್ದ ಲೋಟವನ್ನು ಕೆಳಗೂ ಇಡದೆ, "ನಂಗೆ ಸ್ವಲ್ಪ ಜಾಗ ಬೇಕು ದಾಕ್ಷಿ" ಎಂದ. ಅವನದು ಫ್ಲೆಕ್ಸ್ ಮುದ್ರಿಸುವ ಅಂಗಡಿ. ನಾಮಕರಣ, ಮದುವೆ, ನಾಯಕರ ಹುಟ್ಟುಹಬ್ಬ, ಶ್ರದ್ಧಾಂಜಲಿ ಎಲ್ಲವೂ ಅವನ ಕೈಯಿಂದಲೇ ಆಗಬೇಕು. ಫೋಟೋಗಳನ್ನು ಜೋಡಿಸುವಾಗ ಜಾಗ ಬೇಕು ಎನ್ನುವುದು ಅವನು ದಿನವೂ ಆಡುವ ಮಾತಾದ್ದರಿಂದ ನಾನು ಬೆಂಚಿನ ಮೇಲೆ ಪಕ್ಕಕ್ಕೆ ಸರಿದು ಕೂತೆ. ಅವನು ನನ್ನ ಮುಖ ನೋಡಲಿಲ್ಲ. ಆಗ ಅರ್ಥವಾಯಿತು.

ನಮ್ಮೂರಿನಲ್ಲಿ ಯಾರಾದರೂ ಅತ್ತರೆ ಅವರ ಬೀದಿಯ ನೀರು ಉಪ್ಪಾಗುತ್ತದೆ. ಇದಕ್ಕೆ ನಾವು ಒಗ್ಗಿಕೊಂಡುಬಿಟ್ಟಿದ್ದೇವೆ. ಪ್ರತಿ ಮನೆಯಲ್ಲೂ ಸಿಹಿನೀರು ತುಂಬಿ ಮುಚ್ಚಳ ಬಿಗಿದ ಒಂದು ದುಃಖದ ಡ್ರಮ್ಮಿರುತ್ತದೆ. ಯಾರ ಮನೆಯಲ್ಲಾದರೂ ಹಿರಿಯರಿಗೆ ಉಸಿರು ಎಳೆಯುತ್ತಿದೆ ಎಂದು ತಿಳಿದರೆ ಸುತ್ತಲಿನವರು ಸಂಕಟಪಡುತ್ತಲೇ ಕೊಡಗಳನ್ನು ತುಂಬಿಟ್ಟುಕೊಳ್ಳುತ್ತಾರೆ. ಮಗಳ ಮದುವೆ ಮಾಡುವವರು ಲಗ್ನಪತ್ರಿಕೆ ಹಂಚುವಾಗಲೇ, ಹೆಣ್ಣು ಒಪ್ಪಿಸುವ ದಿನ ಬೀದಿಗೆ ಟ್ಯಾಂಕರ್ ತರಿಸುವುದಾಗಿ ಹೇಳಿ ಬರುವುದು ಮರ್ಯಾದೆ. ಹಾಲುಗಲ್ಲದ ಮಕ್ಕಳ ಅಳು ಲೆಕ್ಕಕ್ಕಿಲ್ಲ. ಈರುಳ್ಳಿ ಹೆಚ್ಚುವಾಗ ಬರುವುದೂ ಲೆಕ್ಕಕ್ಕಿಲ್ಲ. ತೀರ ತಡೆಯಲಾರದವರು ಬಸ್ಸು ಹತ್ತಿ ಊರ ಗಡಿಕಲ್ಲಿನಾಚೆ ಹೋಗುತ್ತಾರೆ. ಅಲ್ಲೊಂದು ತಂಗುದಾಣವಿದೆ. ಭಾನುವಾರ ಹೋದರೆ ಐದಾರು ಜನ ಒಬ್ಬರ ಮುಖ ಒಬ್ಬರು ನೋಡದಂತೆ ಬೇರೆಬೇರೆ ದಿಕ್ಕಿಗೆ ತಿರುಗಿ ಕೂತಿರುತ್ತಾರೆ. ಕಷ್ಟವೆಂದರೆ, ಅಳು ಬಸ್ಸಿನ ವೇಳೆಗೆ ಸರಿಯಾಗಿ ಬರುವುದಿಲ್ಲ.

ನನ್ನದಂತೂ ಹೊತ್ತುಗೊತ್ತಿಲ್ಲದೆ ಬರುತ್ತಿತ್ತು. ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಹೆಂಗಸರಿಗೆ ಕಾರು ಕಲಿಸುತ್ತೇನೆ. ಪಕ್ಕದಲ್ಲಿ ಯಾರೋ ಗೇರು ಬದಲಿಸಲು ಒದ್ದಾಡುತ್ತಿದ್ದರೆ ನನಗೆ ಕಣ್ಣು ತುಂಬುತ್ತಿತ್ತು. ಬೀದಿಯವರು ಮೊದಮೊದಲು ಕನಿಕರ ತೋರಿಸಿದರು. ಆಮೇಲೆ ಕೆಮ್ಮತೊಡಗಿದರು. ಕೋಟೆ ಬೀದಿಯಲ್ಲಿ ಅಣ್ಣನ ಮನೆಯಲ್ಲಿರುವ ಅಮ್ಮ ಫೋನು ಮಾಡಿ, "ಇಲ್ಲಿಗೆ ಬಾ ಮಗಳೇ, ನಾಲ್ಕು ದಿನ ಇದ್ದು ಅತ್ತು ಹೋಗು" ಎಂದಳು. ಅಷ್ಟರಲ್ಲಿ ಅತ್ತಿಗೆ ಫೋನು ಕಸಿದುಕೊಂಡು, "ಈ ವಾರ ಬೇಡ ಕಣೇ, ಸಂಡಿಗೆ ಹಿಟ್ಟು ಕಾಯಿಸ್ತಿದೀವಿ. ಮುಂದಿನ ವಾರ ಬಾ, ಎಷ್ಟು ಬೇಕಾದ್ರೂ ಅಳುವಂತೆ" ಎಂದಳು.

ಆ ದಿನವೇ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಡ್ರಿಲ್ ಮೇಷ್ಟ್ರ ಮೆಸೇಜು ಬಂತು. ಮೇಷ್ಟ್ರು ವೃಷಭೇಂದ್ರಪ್ಪನವರು ನಮ್ಮೆದುರು ಮನೆಯವರು. ಶಾಲೆಯಿಂದ ನಿವೃತ್ತರಾಗಿ ವರ್ಷಗಳಾದರೂ ಕೊರಳಿನ ಸೀಟಿ ತೆಗೆದವರಲ್ಲ. ಒಂಟಿ ಮನುಷ್ಯ. ಬೀದಿಯಲ್ಲಿ ಯಾರು ಗಾಡಿ ಅಡ್ಡ ನಿಲ್ಲಿಸಿದರೂ ಸೀಟಿ ಊದುತ್ತಾರೆ. ಗುಂಪಿನ ಯಜಮಾನಿಕೆಯೂ ಅವರದೇ. ಅವರು ಬರೆದಿದ್ದರು: "ಗಡಿಯಾರದ ಬೀದಿಯ ಸಮಸ್ತ ನಾಗರಿಕರ ಗಮನಕ್ಕೆ. ನೀರಿನಲ್ಲಿ ಉಪ್ಪಿನ ಅಂಶ ಮುಂದುವರಿದಿರುತ್ತದೆ. ಸಂಬಂಧಪಟ್ಟವರು ತಮ್ಮ ಭಾವನೆಗಳನ್ನು ಶಿಸ್ತಿನಲ್ಲಿ ಇಟ್ಟುಕೊಳ್ಳತಕ್ಕದ್ದು."

ಅದನ್ನು ಓದಿ ನನಗೆ ಮೈಯೆಲ್ಲ ಉರಿಯಿತು. ಅಳುವುದಕ್ಕೆಂದು ತೆಗೆದ ಕರವಸ್ತ್ರವನ್ನು ಪಕ್ಕಕ್ಕೆ ಎಸೆದು ಬರೆದೆ: "ಸ್ಪಷ್ಟೀಕರಣ. ಸಂಬಂಧ ಕಳೆದ ಮಂಗಳವಾರವೇ ಕಡಿದುಹೋಗಿರುತ್ತದೆ. ಆದ್ದರಿಂದ ನಾನೀಗ ಯಾರಿಗೂ ಸಂಬಂಧಪಟ್ಟವಳಲ್ಲ."

ಗೋಡೆಯಾಚೆ ಹಾಲಕ್ಕ ನಕ್ಕದ್ದು ಕೇಳಿಸಿತು. ಅವಳ ನಗು ಎಂದರೆ ಪಾತ್ರೆ ಉರುಳಿದ ಹಾಗೆ. ಆಮೇಲೆ ಮಹಡಿ ಮನೆಯವರು ನಕ್ಕರು. ಫೋನಿನಲ್ಲಿ ಹಳದಿ ಮುಖಗಳು ಸಾಲುಸಾಲಾಗಿ ಬಿದ್ದವು. ನೋಡಿದರೆ ನನ್ನ ಕಣ್ಣು ಒಣಗಿತ್ತು.

ಅಂದಿನಿಂದ ಅಳು ಗಂಟಲಿಗೆ ಬಂದಾಗೆಲ್ಲ ಫೋನು ಹಿಡಿಯುವುದು ಅಭ್ಯಾಸವಾಯಿತು. ಎರಡು ಸಾಲು ಬರೆದು, ಅಳಿಸಿ, ತಿದ್ದುವಷ್ಟರಲ್ಲಿ ಅಳು ಬಾಗಿಲಲ್ಲಿ ಕಾದು ಕಾದು ಬೇಸತ್ತು ಹೊರಟುಹೋಗಿರುತ್ತಿತ್ತು. ರುದ್ರೇಶನ ಹೆಸರು ಎಲ್ಲೂ ಹಾಕಲಿಲ್ಲ. ಅವನ ಅಂಗಡಿಯ ಫ್ಲೆಕ್ಸುಗಳಲ್ಲಿ ಮಾಜಿ ಸಚಿವರು, ಮಾಜಿ ಅಧ್ಯಕ್ಷರು ಎಂದೆಲ್ಲ ಇರುತ್ತದಲ್ಲ, ಹಾಗಾಗಿ ಅವನನ್ನು "ಮಾಜಿಯವರು" ಎಂದು ಕರೆದೆ. "ಮಾಜಿಯವರು ಜಾಗ ಬೇಕೆಂದು ಕೇಳಿರುತ್ತಾರೆ. ಮೂವತ್ತು ನಲವತ್ತರ ಸೈಟು, ಪೂರ್ವದಿಕ್ಕು, ಕಾರ್ನರ್ ಆದರೆ ಉತ್ತಮ. ತಿಳಿದವರು ಸಂಪರ್ಕಿಸಿ." ಇನ್ನೊಂದು ದಿನ: "ಮಾಜಿಯವರು ಕೊಡಿಸಿದ್ದ ಟೆಡ್ಡಿ ಕರಡಿಯನ್ನು ಡ್ರೈವಿಂಗ್ ಸ್ಕೂಲಿಗೆ ದಾನ ಮಾಡಲಾಗಿದೆ. ರಿವರ್ಸ್ ಕಲಿಯುವವರು ಗುರಿಯಿಟ್ಟು ಅಭ್ಯಾಸ ಮಾಡಬಹುದು." ಮತ್ತೊಂದು ದಿನ: "ಇಂದಿನ ನೀರು: ಬೆಳಿಗ್ಗೆ ಸಾರಿಗೆ ಸಾಕಾಗುವಷ್ಟು ಉಪ್ಪು. ಸಂಜೆ ಮಜ್ಜಿಗೆಗೆ ಮಾತ್ರ. ಪ್ರಗತಿ ಕಂಡುಬಂದಿದೆ."

ಬೀದಿಯವರು ಅದನ್ನು ಬೇರೆ ಬೀದಿಯ ನೆಂಟರಿಗೆ ಕಳಿಸಿದರು. ಕೊನೆಗೆ ಇನ್‌ಸ್ಟಾದಲ್ಲಿ ಒಂದು ಪುಟವನ್ನೇ ತೆರೆದೆ. ಹೆಸರು ಇಟ್ಟವಳು ಹಾಲಕ್ಕ. ನೀರು ಪೂರ್ತಿ ಸಿಹಿಯಾದ ಬೆಳಿಗ್ಗೆ ಒಂದು ಲೋಟ ಕುಡಿದು, ತುಟಿ ಚಪ್ಪರಿಸಿ, "ಸಪ್ಪೆ ಕಣೇ, ಸಪ್ಪೆ! ಎಂಥ ಒಳ್ಳೇ ಸಮಾಚಾರ!" ಅಂದಳು. ಪುಟ "ಸಪ್ಪೆ ಸಮಾಚಾರ"ವಾಯಿತು. ತರಕಾರಿ ಮಾರುಕಟ್ಟೆಯಲ್ಲಿ ಗುರುತಿಲ್ಲದವರು ನನ್ನನ್ನು ತಡೆದು, "ಮಾಜಿಯವರಿಗೆ ಸೈಟು ಸಿಕ್ತಾ?" ಎಂದು ಕೇಳುತ್ತಿದ್ದರು. ನೀರು ಬಿಡುವ ಓಬಳೇಶ ವಾಲ್ವು ತಿರುಗಿಸುವ ಮೊದಲು ನನ್ನ ಕಿಟಕಿಯ ಹತ್ತಿರ ನಿಂತು, "ಅಕ್ಕಾ, ಇವತ್ತು ಹೆಂಗೆ? ಬಿಡ್ಲಾ?" ಎನ್ನುತ್ತಿದ್ದ.

ಒಮ್ಮೆ ರುದ್ರೇಶನಿಂದಲೇ ಮೆಸೇಜು ಬಂತು. "ಏನಿದು ಮಾಜಿ ಮಾಜಿ ಅಂತ?" ನಾನು ಉತ್ತರಿಸಿದೆ: "ಹಾಲಿ ಆಗೋ ಮನಸ್ಸಿದ್ರೆ ಹೇಳು, ತಿದ್ದುಪಡಿ ಹಾಕ್ತೀನಿ." ಎರಡು ನೀಲಿ ಗೆರೆ ಬಿದ್ದವು. ಅಷ್ಟೆ. ಜೋಕಿನ ಸೆರಗಿನಲ್ಲಿ ನಿಜವಾದ ಪ್ರಶ್ನೆಯೊಂದನ್ನು ಕಟ್ಟಿ ಕಳಿಸಿದ್ದೆ, ಅದು ಅವನಿಗೂ ಗೊತ್ತಾಗಿತ್ತು. ಅಂದು ಫೋನು ಹಿಡಿದರೂ ಏನೂ ಹೊಳೆಯಲಿಲ್ಲ. ಗಡಿಕಲ್ಲಿನ ಬಸ್ಸು ಹತ್ತಿದೆ. ಬೀದಿಯ ನೀರಿಗೆ ಏನೂ ಆಗಲಿಲ್ಲ.

ಹೀಗಿರುವಾಗ ಗಡಿಯಾರ ಕಂಬದ ವೃತ್ತದಲ್ಲಿ ಒಂದು ಫ್ಲೆಕ್ಸ್ ಎದ್ದಿತು. ರುದ್ರೇಶನ ನಿಶ್ಚಿತಾರ್ಥ. ಅವನೇ ಮಾಡಿದ್ದು. ಎದೆಯ ಮೇಲೆ ಕೈಕಟ್ಟಿಕೊಂಡು ನಿಂತಿದ್ದಾನೆ, ಪಕ್ಕದಲ್ಲಿ ನೀಲಿ ಸೀರೆಯ ಹುಡುಗಿ, ಕೆಳಗೆ ಶುಭ ಕೋರುವ ಗೆಳೆಯರ ತಲೆಗಳು. ನಾನು ಆ ವೃತ್ತದಲ್ಲಿ ಒಬ್ಬ ಹೆಂಗಸಿಗೆ ತಿರುವು ಕಲಿಸುತ್ತಿದ್ದೆ. ಅವರು ಎಡಕ್ಕೆ ತಿರುಗಿಸಲು ಬಾರದೆ ಆ ಫ್ಲೆಕ್ಸನ್ನೇ ಸುತ್ತುಹಾಕುತ್ತಿದ್ದರು. ಪ್ರತಿ ಸುತ್ತಿನಲ್ಲೂ ರುದ್ರೇಶ ನನ್ನನ್ನು ನೋಡಿ ಹಲ್ಲು ಬಿಡುತ್ತಿದ್ದ. ಸಂಜೆ ಬರೆದೆ: "ಮಾಜಿಯವರ ಫ್ಲೆಕ್ಸ್ ವಿಮರ್ಶೆ. ಹಲ್ಲು ನಿಜಕ್ಕಿಂತ ಎರಡು ಪಟ್ಟು ಬಿಳುಪು. ಹುಡುಗಿ ಚೆನ್ನಾಗಿದ್ದಾಳೆ. ಹಿನ್ನೆಲೆಯಲ್ಲಿ ಹಿಮಾಲಯ ಯಾಕೆಂದು ತಿಳಿಯಲಿಲ್ಲ. ಪ್ರಾಯಶಃ ಕೇಳಿದ ಜಾಗ ಅಲ್ಲೇ ಸಿಕ್ಕಿದೆ."

ಊರು ನಕ್ಕಿತು. ನಾನು ಬೇಗ ದೀಪ ಆರಿಸಿ ಮಲಗಿದೆ, ಆದರೆ ಅಳಲಿಲ್ಲ. ಮರುದಿನ ನಲ್ಲಿ ತಿರುಗಿಸಿದರೆ ಸಮುದ್ರ.

ಹಾಲಕ್ಕ ಡ್ರಮ್ಮಿನ ನೀರಿನಲ್ಲಿ ಮಾಡಿದ ಕಾಫಿ ಹಿಡಿದು ಬಂದಳು. "ಬಚ್ಚಿಡ್ಬೇಡ ಕಣೇ. ನಾಲ್ಕು ವರ್ಷ ಅಂದ್ರೆ ಸುಮ್ನೇನಾ?"

"ನಾನಲ್ಲ ಹಾಲಕ್ಕ."

"ಹೂಂ, ಹೂಂ."

"ನಿನ್ನಾಣೆ, ನಾನು ಅತ್ತೇ ಇಲ್ಲ!"

"ಅಳದೇ ಇದ್ದಿದ್ರೆ ಇಷ್ಟು ಜೋರಾಗಿ ಹೇಳ್ತಿರ್ಲಿಲ್ಲ" ಎಂದು ಅವಳು ನನ್ನ ಕೆನ್ನೆ ತಟ್ಟಿದಳು.

ಇಡೀ ಬೀದಿ ಹಾಗೆಯೇ ತೀರ್ಮಾನಿಸಿತು. ಎಲ್ಲಕ್ಕಿಂತ ಕೆಟ್ಟದ್ದಾದದ್ದು ನನ್ನ ಪುಟಕ್ಕೆ. ಜೋಕುಗಳ ಕೆಳಗೆ ಜನ ಕೈಮುಗಿದ ಚಿತ್ರ, ಒಡೆದ ಹೃದಯ, ಬತ್ತಿಹೋದ ಗುಲಾಬಿ ಹಾಕತೊಡಗಿದರು. "ನಗಿಸುವವರ ಒಳಗೆ ಎಷ್ಟು ನೋವಿರುತ್ತದೋ" ಎಂದು ಯಾರೋ ಬರೆದರೆ ನೂರಾರು ಜನ ಹೌದೆಂದರು. ಕಷ್ಟಪಟ್ಟು ಕಟ್ಟಿದ ನಗೆ ಅಂಗಡಿಯಲ್ಲಿ ಎಲ್ಲರೂ ಬಂದು ಮಾತಾಡಿಸಿಕೊಂಡು ಹೋಗುವ ಸೂತಕ ಶುರುವಾಗಿತ್ತು. ಇನ್ನೂ ಒಂದು ಮುಳ್ಳು ಚುಚ್ಚುತ್ತಿತ್ತು: ಇದು ಈಗಾಗಲೇ ರುದ್ರೇಶನ ಕಿವಿಗೂ ಬಿದ್ದಿರುತ್ತದೆ. ನಾನು ಅವನಿಗಾಗಿ ಟ್ಯಾಂಕು ಟ್ಯಾಂಕು ಅಳುತ್ತಿದ್ದೇನೆಂದು ಅವನು ಎದೆಯ ಮೇಲೆ ಕೈಕಟ್ಟಿಕೊಂಡು ಹಿಗ್ಗುತ್ತಿರುತ್ತಾನೆ. ಅಳುತ್ತಿರುವವರನ್ನು ಹುಡುಕಲೇಬೇಕು ಎಂದು ನಿರ್ಧರಿಸಿದೆ.

ಅಳುವವರ ಮನೆಯ ನಲ್ಲಿಯಲ್ಲಿ ಉಪ್ಪು ಹೆಚ್ಚಿರುತ್ತದೆ ಎನ್ನುವುದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಆದರೆ ಬೇರೆಯವರ ಮನೆಯ ನಲ್ಲಿಯ ರುಚಿ ನೋಡುವುದು ಮರ್ಯಾದಸ್ಥರು ಮಾಡುವ ಕೆಲಸವಲ್ಲ. ನಾನು ಬೇಕೆಂದೇ ಸಗಣಿ ತುಳಿದೆ. ಬೀದಿಯ ಈ ತುದಿಯಿಂದ ಶುರುಮಾಡಿ, ಒಂದೊಂದು ಮನೆಯ ಮುಂದೆ ನಿಂತು, "ಅಯ್ಯೋ, ಸಗಣಿ ತುಳಿದ್ಬಿಟ್ಟೆ, ಸ್ವಲ್ಪ ಕಾಲು ತೊಳ್ಕೋತೀನಿ" ಎಂದು ಅಂಗಳದ ನಲ್ಲಿ ತಿರುಗಿಸಿ, ಯಾರೂ ನೋಡದಾಗ ಬೆರಳು ನೆಕ್ಕಿದೆ. ಮೂಲೆಮನೆಯಲ್ಲಿ ಸಾಧಾರಣ. ಮಹಡಿಮನೆಯಲ್ಲಿ ಸಾಧಾರಣ. ಎರಡು ಮನೆಗೊಮ್ಮೆ ಮತ್ತೆ ಹೋಗಿ ಸಗಣಿ ತುಳಿದು ಬರಬೇಕಿತ್ತು. ಹಾದಿಯಲ್ಲಿ ಎದುರಾದ ಓಬಳೇಶ, "ಏನಕ್ಕಾ, ನೋಡ್ಕಂಡು ನಡೀಬಾರ್ದಾ?" ಎಂದ.

ಮೇಷ್ಟ್ರ ಮನೆಯ ಅಂಗಳದಲ್ಲಿ ಬೆರಳು ನೆಕ್ಕುವ ಅಗತ್ಯವೇ ಬೀಳಲಿಲ್ಲ. ಕಾಲಿಗೆ ನೀರು ಬಿದ್ದದ್ದೇ ತಡ, ಹಿಮ್ಮಡಿಯ ಬಿರುಕುಗಳು ಚುರ್ ಎಂದವು. ನಾನು ಒಂಟಿಕಾಲಲ್ಲಿ ಕುಣಿದೆ.

"ಏನಮ್ಮ ಅದು?" ಬಾಗಿಲಲ್ಲಿ ಮೇಷ್ಟ್ರು. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಕೊರಳಲ್ಲಿ ಸೀಟಿ. ಕಣ್ಣಿನ ರೆಪ್ಪೆಗಳು ಊದಿದ್ದವು.

"ಮೇಷ್ಟ್ರೇ, ನಿಮ್ಮನೆ ನೀರು ಉರೀತಿದೆ."

ಅವರು ನನ್ನನ್ನು ನೋಡಿದರು, ನಲ್ಲಿ ನೋಡಿದರು, ರಸ್ತೆ ನೋಡಿದರು. "ಈರುಳ್ಳಿ ಹೆಚ್ತಿದ್ದೆ."

"ಈರುಳ್ಳಿ ಲೆಕ್ಕಕ್ಕಿಲ್ಲ ಮೇಷ್ಟ್ರೇ."

"ಜಾಸ್ತಿ ಈರುಳ್ಳಿ" ಎಂದರು. ಒಂದು ಕೈಯಿಂದ ಬಾಗಿಲಚೌಕಟ್ಟು ಹಿಡಿದುಕೊಂಡರು. ಒಂದಿಡೀ ಊರಿನ ಮಕ್ಕಳಿಗೆ ಎದೆ ಸೆಟೆದು ನಿಲ್ಲಲು ಕಲಿಸಿದ ಮನುಷ್ಯ ಹಾಗೆ ಬಾಗಿ ನಿಂತದ್ದನ್ನು ನೋಡಿ ನನಗೆ ಹಿಡಿದ ಕಳ್ಳನನ್ನು ಕೂಗಿ ಹೇಳುವ ಹುಮ್ಮಸ್ಸೆಲ್ಲ ಇಳಿದುಹೋಯಿತು.

"ಬನ್ನಿ" ಎಂದೆ. "ಕಾರಿದೆ. ಗಡಿಕಲ್ಲಿನ ತನಕ ಹೋಗಿಬರೋಣ."

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಅವರು ಸೀಟ್‌ಬೆಲ್ಟ್ ಹಾಕಿಕೊಂಡು ಉಸಿರು ಬಿಗಿಹಿಡಿದು ಕೂತರು. ಗಡಿಕಲ್ಲು ದಾಟಿದ ಕೂಡಲೇ, ಅಪ್ಪಣೆ ಸಿಕ್ಕವರಂತೆ, ಭೋರೆಂದು ಅತ್ತರು. ನಾನು ಕಾರು ಪಕ್ಕಕ್ಕೆ ಹಾಕಿ, ಬೇರೆ ದಿಕ್ಕಿಗೆ ಮುಖಮಾಡಿ ಕೂತೆ. ಅದು ನಮ್ಮೂರಿನ ರೀತಿ. ಅತ್ತು ಮುಗಿದ ಮೇಲೆ ಅವರೇ ಹೇಳಿದರು.

ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದ ಸರ್ವಮಂಗಳಾ ಟೀಚರ್. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ನಿವೃತ್ತಿಯಾದ ಮೇಲೆ ಇಬ್ಬರೂ ದಿನಾ ಬೆಳಿಗ್ಗೆ ಕೆರೆಯ ಏರಿಯ ಮೇಲೆ ವಾಕಿಂಗ್ ಹೋಗುತ್ತಿದ್ದರು. ಮಾತು ಹೆಚ್ಚೇನಿಲ್ಲ. ಆಕೆ ಬೇಗ ನಡೆಯುತ್ತಾರೆ, ಇವರು ಅವರ ಹೆಜ್ಜೆಗೆ ಹೆಜ್ಜೆ ಹಾಕುತ್ತಾರೆ. ಒಂದು ದಿನ ಇವರು ಧೈರ್ಯಮಾಡಿ, "ಟೀಚರ್, ಮನೆಗೂ ಒಟ್ಟಿಗೇ ಹೋಗ್ಬಹುದಲ್ವಾ?" ಎಂದು ಕೇಳಿಬಿಟ್ಟರು.

"ಏನಂದ್ರು?"

"'ಈ ವಯಸ್ಸಲ್ಲಾ? ಜನ ನಗ್ತಾರೆ ಮೇಷ್ಟ್ರೇ' ಅಂದ್ರು. ಮಾರನೇ ದಿನದಿಂದ ಕೆರೆ ಹತ್ರ ಬರ್ಲಿಲ್ಲ." ಕನ್ನಡಕ ಒರೆಸಿಕೊಂಡರು. "ನಿಂಗೂ ಅದೇ ವಾರ ಆಗಿದ್ದು. ನೀನು ಅಳ್ತಿದ್ಯಲ್ಲ, ನಾನೂ ಧೈರ್ಯವಾಗಿ ಅತ್ತೆ. ಎಲ್ರೂ ನಿಂದೇ ಅಂದ್ಕೊಂಡ್ರು. ಆಮೇಲೆ ನೀನು ಜೋಕು ಗೀಕು ಅಂತ ನಿಲ್ಲಿಸ್ಬಿಟ್ಟೆ. ಆ ಫ್ಲೆಕ್ಸ್ ಏಳೋ ತನಕ ನಾನೂ ತಡ್ಕೋಬೇಕಾಯ್ತು." ಕೊನೆಯ ಮಾತಿನಲ್ಲಿ ದೂರು ಇತ್ತು.

"ಮತ್ತೆ ಆ ಮೆಸೇಜು? ಸಂಬಂಧಪಟ್ಟವರು ಶಿಸ್ತಿನಲ್ಲಿ ಇಟ್ಕೊಳ್ಳತಕ್ಕದ್ದು ಅಂತ?"

"ಅದು ನಂಗೇ ಹಾಕ್ಕೊಂಡಿದ್ದು."

ನನಗೆ ನಗು ತಡೆಯಲಾಗಲಿಲ್ಲ. ಅವರೂ ಸ್ವಲ್ಪ ನಕ್ಕರು. ಆಮೇಲೆ ಹೇಳಿದರು, "ನಿನ್ ಸಮಾಚಾರ ದಿನಾ ಓದ್ತೀನಮ್ಮ. ನಗು ಬರುತ್ತೆ. ನಕ್ಕಾದ್ಮೇಲೆ ಫೋನು ಕೆಳಗಿಡ್ತೀನಲ್ಲ, ಆಗ ಮನೆ ಮುಂಚೆಗಿಂತ ಜಾಸ್ತಿ ಖಾಲಿ ಅನ್ಸುತ್ತೆ."

ನನಗೂ ಹಾಗೆಯೇ ಅನ್ನಿಸುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ, ನನಗೆ ನಾನೂ ಹೇಳಿಕೊಂಡಿರಲಿಲ್ಲ.

"ಬೀದಿಯವರಿಗೆ ಹೇಳ್ಬೇಡ" ಎಂದರು ಮೇಷ್ಟ್ರು. "ನನ್ನನ್ನ ನೋಡಿ ನಗಲಿ, ಹೋಗ್ಲಿ. ಆದ್ರೆ ಟೀಚರ್ ಹೆಸರು ಬಂದೇ ಬರುತ್ತೆ. ಯಾವುದಕ್ಕೆ ಹೆದರಿ ಅವರು ದೂರ ಹೋದ್ರೋ ಅದೇ ಆಗುತ್ತೆ."

ವಾಪಸು ಬರುವಾಗ ನಾನು ತುಂಬ ಹೊತ್ತು ಯೋಚಿಸಿದೆ. ನನ್ನ ಹೆಸರು ಉಳಿಸಿಕೊಳ್ಳುವುದಾದರೆ ಇವರ ಹೆಸರು ಹೇಳಬೇಕು. ಹೇಳದಿದ್ದರೆ ರುದ್ರೇಶ ಗೆದ್ದ ಹಾಗೆ. ಬೀದಿ ಬಂದಾಗ ಕಾರು ನಿಲ್ಲಿಸಿ, "ಮೇಷ್ಟ್ರೇ, ಒಂದು ವಾರ ಕೊಡ್ತೀನಿ. ಹೊಟ್ಟೆತುಂಬ ಅಳಿ. ನನ್ನ ಹೆಸರಲ್ಲೇ ಅಳಿ" ಎಂದೆ. ಅವರು ಇಳಿದು ನನಗೆ ಸೆಲ್ಯೂಟ್ ಹೊಡೆದರು.

ಅಂದು ಸಂಜೆ ಬರೆದೆ: "ಹೌದು, ನಾನೇ. ಮಾಜಿಯವರ ಫ್ಲೆಕ್ಸ್‌ನಲ್ಲಿ ಕಾಗುಣಿತ ನೋಡಿ ಕಣ್ಣೀರು ತಡೆಯಲಾಗಲಿಲ್ಲ. ಒಂದು ವಾರ ಉಪ್ಪು ಮುಂದುವರಿಯಲಿದೆ. ಮೆಸ್ಸಿನವರು ಸಾರಿಗೆ ಉಪ್ಪು ಹಾಕುವ ಖರ್ಚು ಉಳಿಸಬಹುದು." ಬತ್ತಿದ ಗುಲಾಬಿಗಳು ಮಳೆಯಂತೆ ಸುರಿದವು.

ಎರಡು ದಿನ ಬಿಟ್ಟು ಮಧ್ಯಾಹ್ನ ರುದ್ರೇಶ ಬಂದ. ಹೊಸ ಶರ್ಟು, ಹೊಸ ಉಂಗುರ. ಮೆಸ್ಸಿನ ಹೊರಗಿನ ಬೆಂಚಿನ ಮೇಲೆ ಕೂತ. ಎದುರು ಮನೆಯ ಗೇಟಿನಲ್ಲಿ ಮೇಷ್ಟ್ರು ಗಿಡಕ್ಕೆ ನೀರು ಹಾಕುವ ಪೈಪು ಹಿಡಿದು ನಿಂತಿದ್ದರು. ನೀರು ಗಿಡಕ್ಕೆ ಬೀಳದೆ ಅವರ ಬಿಳಿ ಪ್ಯಾಂಟಿಗೆ ಬೀಳುತ್ತಿತ್ತು.

"ದಾಕ್ಷಿ" ಎಂದ ರುದ್ರೇಶ. ಧ್ವನಿಯನ್ನು ಎಲ್ಲಿಂದಲೋ ತಗ್ಗಿಸಿ ತಂದಿದ್ದ. "ನೋಡು, ನಂಗೂ ಬೇಜಾರಿದೆ. ಆದ್ರೆ ನನಗೋಸ್ಕರ ನೀನು ಇಷ್ಟೊಂದು ಅಳೋದು ಸರಿಯಲ್ಲ ಕಣೇ. ಎಲ್ಲಾ ಕಡೆ ಅದೇ ಮಾತು. ನಮ್ ಹುಡುಗ್ರು 'ಏನ್ ಗುರು ನೀನು, ಬೀದಿ ಬೀದಿನೇ ಉಪ್ಪು ಮಾಡ್ಬಿಟ್ಯಲ್ಲ' ಅಂತಾರೆ." ಬೇಜಾರಿದೆ ಎಂದವನ ಮುಖ ಫ್ಲೆಕ್ಸಿನಲ್ಲಿದ್ದಂತೆಯೇ ಹೊಳೆಯುತ್ತಿತ್ತು.

ನಾಲಿಗೆಯ ತುದಿಯಲ್ಲಿ ಹತ್ತು ಉತ್ತರಗಳಿದ್ದವು. ರಸ್ತೆಯಾಚೆ ಮೇಷ್ಟ್ರು ಕಲ್ಲಿನಂತೆ ನಿಂತಿದ್ದರು. "ಪ್ರಯತ್ನ ಪಡ್ತೀನಿ" ಎಂದೆ.

ಅಷ್ಟರಲ್ಲಿ ಹಾಲಕ್ಕ ಒಂದು ದೊಡ್ಡ ಲೋಟ ನೀರು ತಂದು ಅವನ ಮುಂದೆ ಕುಕ್ಕಿದಳು. ಡ್ರಮ್ಮಿನದಲ್ಲ, ನಲ್ಲಿಯದು. "ತಗೋಪ್ಪ. ನಿನ್ ಕೃಪೆ" ಎಂದಳು.

ಅವನು ಒಂದು ಗುಟುಕು ಕುಡಿದ. ಮುಖ ಕಿವುಚಿಕೊಳ್ಳುತ್ತಾನೆ ಎಂದುಕೊಂಡೆ. ಬದಲಿಗೆ ಕಣ್ಣು ಮುಚ್ಚಿದ. ತಲೆಯಾಡಿಸಿದ. ಆಮೇಲೆ, ತನಗಾಗಿ ಇಷ್ಟೊಂದು ದುಃಖಪಟ್ಟವರು ಈ ಲೋಕದಲ್ಲಿದ್ದಾರಲ್ಲ ಎಂಬ ಧನ್ಯತೆಯಿಂದ, ಗಟಗಟನೆ ಇಡೀ ಲೋಟ ಕುಡಿದುಬಿಟ್ಟ. ನಿವೃತ್ತ ಡ್ರಿಲ್ ಮೇಷ್ಟ್ರೊಬ್ಬರು ಹೊಲಿಗೆ ಟೀಚರಿಗಾಗಿ ಸುರಿಸಿದ ಕಣ್ಣೀರನ್ನು ಒಂದು ತೊಟ್ಟೂ ಬಿಡದೆ ಕುಡಿದು, ತುಟಿ ಒರೆಸಿಕೊಂಡು, "ಇಷ್ಟೊಂದಾ ದಾಕ್ಷಿ?" ಎಂದ.

ನಾನು ಮುಖ ಮುಚ್ಚಿಕೊಂಡೆ. ಹೆಗಲು ಕುಲುಕತೊಡಗಿದವು. ನಗು ಹೊಟ್ಟೆಯ ತಳದಿಂದ ಎದ್ದು ಬರುತ್ತಿತ್ತು, ತಡೆದಷ್ಟೂ ಮೈಯೆಲ್ಲ ನಡುಗುತ್ತಿತ್ತು. ರುದ್ರೇಶ ಎದ್ದು ಬಂದು ನನ್ನ ಬೆನ್ನು ಸವರಿ, "ಸಾಕು ಕಣೇ, ಸಾಕು" ಎಂದು ಸಮಾಧಾನ ಮಾಡಿದ. ಅವನ ಕೈ ಬೆನ್ನಿನ ಮೇಲಿದ್ದಾಗ ನನಗೆ ಒಂದು ವಿಷಯ ಗೊತ್ತಾಯಿತು. ಆ ಕೈ ಯಾರದೋ ಕೈಯಂತಿತ್ತು. ಬಸ್ಸಿನಲ್ಲಿ ತಗುಲಿದ ಕೈಯಂತೆ. ಇವನಿಗಾಗಿ ನಾನು ಒಂದು ಬೀದಿಯ ಕಾಫಿ ಕೆಡಿಸಿದ್ದೆನೇ ಎಂದುಕೊಂಡಾಗ ನಗು ಇನ್ನೂ ಜೋರಾಯಿತು. ಅವನು ಭಾರವಾದ ಹೆಜ್ಜೆ ಇಡುತ್ತ ಗಾಡಿ ಹತ್ತಿ ಹೋದ. ತಲೆ ಎತ್ತಿದಾಗ ಎದುರು ಗೇಟಿನಲ್ಲಿ ಯಾರೂ ಇರಲಿಲ್ಲ. ಪೈಪು ಮಾತ್ರ ನೆಲದ ಮೇಲೆ ಬಿದ್ದು ನೀರು ಸುರಿಸುತ್ತಿತ್ತು.

ಮರುದಿನ ಬೆಳಿಗ್ಗೆ ಬೀದಿಯ ಗುಂಪಿನಲ್ಲಿ ಮೇಷ್ಟ್ರ ಮೆಸೇಜು ಇತ್ತು. "ಗಡಿಯಾರದ ಬೀದಿಯ ಸಮಸ್ತ ನಾಗರಿಕರ ಗಮನಕ್ಕೆ. ಈಗಿನ ಉಪ್ಪಿಗೆ ಕಾರಣ ಕುಮಾರಿ ದಾಕ್ಷಾಯಣಿ ಅಲ್ಲ. ನಾನು. ಆಕೆ ನನ್ನ ಮರ್ಯಾದೆ ಉಳಿಸಲು ತನ್ನ ಮರ್ಯಾದೆ ಕೊಟ್ಟಿರುತ್ತಾಳೆ. ನಿನ್ನೆ ಒಬ್ಬ ಮೂರ್ಖ ಆಕೆಯ ಬೆನ್ನು ಸವರುವುದನ್ನು ಕಂಡೆ, ಸಹಿಸಲಾಗಲಿಲ್ಲ. ಅಳುವಿಗೆ ಕಾರಣ ಖಾಸಗಿ, ಅದನ್ನು ಯಾರೂ ವಿಚಾರಿಸತಕ್ಕದ್ದಲ್ಲ. ನಗುವವರು ಬೆಳಿಗ್ಗೆ ಎಂಟರೊಳಗೆ ನಕ್ಕು ಮುಗಿಸತಕ್ಕದ್ದು. ಎಂಟಕ್ಕೆ ನಾನು ಹಾಲು ತರಲು ಹೊರಗೆ ಬರುವುದಿದೆ."

ಅದನ್ನು ಯಾರೋ ಪಕ್ಕದ ಬೀದಿಗೆ ಕಳಿಸಿದರು, ಅಲ್ಲಿಂದ ಊರಿಗೆಲ್ಲ ಹೋಯಿತು. ಏಳೂವರೆಗೆ ರುದ್ರೇಶನಿಂದ ನನಗೆ ಮೆಸೇಜು: "ಹಾಗಾದ್ರೆ ನಾನು ನಿನ್ನೆ ಕುಡಿದದ್ದು?" ನಾನು ಒಂದೇ ಪದ ಕಳಿಸಿದೆ: "ಮೇಷ್ಟ್ರದು." ಎರಡು ನೀಲಿ ಗೆರೆ ಬಿದ್ದವು. ಫೋನನ್ನು ದಿಂಬಿನ ಮೇಲೆ ಎಸೆದು ಹೊರಗೆ ಓಡಿದೆ.

ಬೀದಿಯವರೆಲ್ಲ ತಂತಮ್ಮ ಬಾಗಿಲಲ್ಲಿದ್ದರು. ಕಸ ಗುಡಿಸುವವರು ಗುಡಿಸಿದಲ್ಲೇ ಗುಡಿಸುತ್ತಿದ್ದರು. ಎಂಟಕ್ಕೆ ಸರಿಯಾಗಿ ಮೇಷ್ಟ್ರ ಬಾಗಿಲು ತೆರೆಯಿತು. ಕೈಯಲ್ಲಿ ಹಾಲಿನ ಚೊಂಬು. ಕೊರಳಲ್ಲಿ ಸೀಟಿ ಇರಲಿಲ್ಲ. ಮೆಟ್ಟಿಲಿಳಿದು ಬೀದಿಯ ನಡುವೆ ಬಂದು, ಯಾರು ನಗುತ್ತಾರೋ ನಗಲಿ ಎನ್ನುವಂತೆ ನಿಂತರು. ಯಾರೂ ನಗಲಿಲ್ಲ. ಹಾಲಕ್ಕ ಗಂಟಲು ಸರಿಮಾಡಿಕೊಂಡು, "ಮೇಷ್ಟ್ರೇ, ತಿಂಡಿ ಇಲ್ಲೇ ತಿಂದ್ಬಿಡಿ, ಪಡ್ಡು ಮಾಡಿದೀನಿ" ಎಂದಳು. ಅವರು ಏನೋ ಹೇಳಲು ಬಾಯಿ ತೆರೆದರು.

ಆಗ ಬೀದಿಯ ಆ ತುದಿಯಿಂದ ಒಬ್ಬ ಹೆಂಗಸು ಬೇಗಬೇಗ ನಡೆದು ಬರುವುದು ಕಾಣಿಸಿತು. ಹತ್ತಿಯ ಸೀರೆ, ಕೆಳಗೆ ಕ್ಯಾನ್ವಾಸ್ ಬೂಟು, ಬೆಳ್ಳಿಯಾಗುತ್ತಿರುವ ಕೂದಲಿನ ಬಿಗಿ ತುರುಬು. ಅವರು ಮೇಷ್ಟ್ರ ಪಕ್ಕದಲ್ಲಿ ಬಂದು ನಿಂತು, ಅವರನ್ನು ನೋಡದೆ, ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. ಹೊಲಿಗೆ ತರಗತಿಯಲ್ಲಿ ಸೂಜಿ ಕಳೆದಾಗ ನೋಡುತ್ತಿದ್ದಿರಬಹುದಾದ ನೋಟ ಅದು.

"ನಗೋರು ನಕ್ಕಾಯ್ತಾ?" ಎಂದು ಕೇಳಿದರು.

"ಆಯ್ತು ಟೀಚರ್" ಎಂದಳು ಹಾಲಕ್ಕ. ಅವಳು ಅವರ ಹತ್ತಿರ ಹೊಲಿಗೆ ಕಲಿತವಳೆಂದು ನನಗೆ ಆಗ ತಿಳಿಯಿತು.

"ನಿಮ್ಮ ಬೀದಿ ಒಂದೇ ಅಲ್ಲ" ಎಂದರು ಸರ್ವಮಂಗಳಾ ಟೀಚರ್, ಈಗ ಮೇಷ್ಟ್ರ ಕಡೆ ತಿರುಗಿ. ಧ್ವನಿ ಸಣ್ಣದಾಗಿತ್ತು. "ನಮ್ಮ ಬೀದೀಲೂ ನೀರು ಕುಡಿಯೋ ಹಾಗಿಲ್ಲ. ನಾನು ಯಾರಿಗೂ ಹೇಳಿರ್ಲಿಲ್ಲ, ಅಷ್ಟೆ. ಆ ಚೊಂಬು ಇಟ್ಟು ಬನ್ನಿ. ಬಿಸಿಲೇರುತ್ತೆ."

ಹಾಲಕ್ಕ ಓಡಿಹೋಗಿ ಚೊಂಬನ್ನು ಇಸಿದುಕೊಂಡಳು. ಇಬ್ಬರೂ ಹೊರಟರು. ಆಕೆ ಒಂದು ಹೆಜ್ಜೆ ಮುಂದೆ, ಅವರು ಅದಕ್ಕೆ ಹೆಜ್ಜೆ ಹೊಂದಿಸುತ್ತ.

ಅಂದು ಸಪ್ಪೆ ಸಮಾಚಾರದಲ್ಲಿ ಏನೂ ಬರಲಿಲ್ಲ. ನನಗೆ ತರಗತಿಯಿತ್ತು. ಹೊಸದಾಗಿ ಸೇರಿದ ಹೆಂಗಸೊಬ್ಬರು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೆರೆಯ ದಾರಿಗೆ ಕಾರು ತಿರುಗಿಸಿದರು. ಮುಂದೆ, ರಸ್ತೆಯ ನಟ್ಟನಡುವೆ, ಮೇಷ್ಟ್ರೂ ಟೀಚರೂ ನಡೆದು ಹೋಗುತ್ತಿದ್ದರು. ಏನೋ ಮಾತು ನಡೆದಿತ್ತು, ಹಿಂದಿನ ಕಾರಿನ ಪರಿವೆಯಿರಲಿಲ್ಲ. ಪಕ್ಕದ ಹೆಂಗಸು ಗಾಬರಿಯಾಗಿ, "ಮೇಡಂ, ದಾರೀನೇ ಬಿಡ್ತಿಲ್ಲ, ಹಾರ್ನ್ ಮಾಡ್ಲಾ?" ಎಂದರು.

"ಬೇಡ" ಎಂದೆ. "ನಿಧಾನಕ್ಕೆ ಹಿಂದೆ ಬನ್ನಿ. ನಮಗೇನೂ ಅವಸರ ಇಲ್ಲ."